ಬರ್ತೀನಿ ಅಂದಮೇಲೆ ಬರಬೇಕು

ನನ್ನ ಪಕ್ಕದ ಮನೆಯವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ನ್ಯಾಯವಾಗಿ ನಮ್ಮ ಕಟ್ಟಡದವರೆಲ್ಲ ಅವರನ್ನು ಕರಡು ಸಾರ್ ಅನ್ನಬೇಕಿತ್ತು. ನಾಲಿಗೆ ಕೇಳಬೇಕಲ್ಲ, ಕರಡಿ ಸಾರ್ ಅಂದರು. "ಅದು ಕೊಂಬು, ಗುಡಿಸಲ್ಲ" ಎಂದು ಮೊದಮೊದಲು ಅವರು ಸಿಕ್ಕಸಿಕ್ಕವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ತಿದ್ದಿದರು. ಡಕಾರಕ್ಕೆ ಕೊಂಬು ಕೊಟ್ಟರೆ ಕರಡು, ಗುಡಿಸು ಕೊಟ್ಟರೆ ಕರಡಿ, ಇಷ್ಟೂ ಗೊತ್ತಾಗದ ಜನರ ನಡುವೆ ಬದುಕುವುದು ಹೇಗೆ ಎಂದು ನನ್ನ ಹತ್ತಿರ ಸಂಕಟಪಟ್ಟರು. ತಿದ್ದಿದಷ್ಟೂ ಕರಡಿ ಗಟ್ಟಿಯಾಯಿತು. ಕೊನೆಗೆ ನಾನೂ ಹಾಗೇ ಕರೆಯತೊಡಗಿದೆ.

ಆಳು ದಪ್ಪಗಿದ್ದಿದ್ದರೆ ಹೆಸರಿಗೊಂದು ಅರ್ಥವಾದರೂ ಇರುತ್ತಿತ್ತು. ಇವರು ಸಣಕಲು. ಜೋರು ಗಾಳಿ ಬಂದರೆ ಕೊಡೆಯ ಜೊತೆ ಇವರನ್ನೂ ಹಿಡಿದುಕೊಳ್ಳಬೇಕು. ಆದರೆ ಆ ಮೈಯೊಳಗೆ ಒಂದು ಸಿದ್ಧಾಂತವಿತ್ತು, ಅದರ ಹಿಡಿತ ಮಾತ್ರ ಕರಡಿಯದೇ.

"ಅಕ್ಷರ ಒಂದೋ ಸರಿ, ಇಲ್ಲಾ ತಪ್ಪು. ಮುಕ್ಕಾಲು ಸರಿ ಇರೋ ಅಕ್ಷರಾನ ನೀವು ಎಲ್ಲಾದ್ರೂ ನೋಡಿದೀರಾ?" ಎಂದು ಅವರು ಕೇಳುತ್ತಿದ್ದರು.

"ಇಲ್ಲ ಸಾರ್."

"ಮಾತೂ ಹಾಗೇ. ಮನುಷ್ಯನೂ ಹಾಗೇ."

ನಾನು ತಲೆಯಾಡಿಸಿ ಒಳಗೆ ಬಂದುಬಿಡುತ್ತಿದ್ದೆ. ಪಕ್ಕದ ಮನೆಯವನಿಗೆ ಆ ಅನುಕೂಲ ಇತ್ತು. ಅವರ ಹೆಂಡತಿ ಎಲ್ಲಿಗೆ ಹೋಗುವುದು?

ಆ ತಾಯಿ ಸಮಾಧಾನದ ಹೆಂಗಸು. ಕರಡು ತಿದ್ದುವುದಕ್ಕೆ ಇಬ್ಬರು ಬೇಕು, ಒಬ್ಬರು ಮೂಲಪ್ರತಿ ಓದುತ್ತ ಹೋಗಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಕೂರಬೇಕು. ಸಂಜೆ ಅಡುಗೆ ಮುಗಿಸಿ ಆಕೆ ಓದುತ್ತಿದ್ದರು, ಇವರು ತಿದ್ದುತ್ತಿದ್ದರು. ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ತೆಳು. "ಆದಕಾರಣ ಅಲ್ಪವಿರಾಮ ಮಾನವನು ಅಲ್ಪವಿರಾಮ" ಎಂದು ಆಕೆಯ ದನಿ ಕೇಳುತ್ತ ನಾನು ಎಷ್ಟೋ ಸಲ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೇನೆ.

ಹೀಗಿರುವಾಗ ಗಂಡ ಹೆಂಡತಿ ಆಕೆಯ ಅಣ್ಣನ ಮನೆಗೆ ಊಟಕ್ಕೆ ಹೋದರು. ಅತ್ತಿಗೆ ಬಡಿಸುತ್ತ ಅಡುಗೆ ಹೇಗಿದೆ ಎಂದು ಕೇಳಿದಳಂತೆ. ಕರಡಿ ಸಾರ್ ಹೇಳಿದರಂತೆ. ಏನು ಹೇಳಿದರು ಎಂಬುದನ್ನು ಇಲ್ಲಿ ಬರೆದರೆ ಆ ಅತ್ತಿಗೆಗೆ ಎರಡನೇ ಸಲ ಅವಮಾನವಾಗುತ್ತದೆ. ಮನೆಗೆ ಬಂದಮೇಲೆ ಗೋಡೆಯಾಚೆ ಹೆಂಡತಿಯ ದನಿ ಮೊದಲ ಬಾರಿಗೆ ಏರಿತು.

"ಚೆನ್ನಾಗಿದೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಚೆನ್ನಾಗಿರಲಿಲ್ಲ."

"ಗೊತ್ತು ನನಗೆ. ನಾನೂ ತಿಂದಿದೀನಿ."

ಮಾರನೆಯ ದಿನ ಆಕೆ ಚೀಲ ಹಿಡಿದು ಬಾಗಿಲಿಗೆ ಬಂದರು. ನಾನು ಆಗ ಹಾಲು ತರಲು ಹೊರಟವನು ಕಣ್ಣಾರೆ ಕಂಡೆ. ಮನೆ ಬಿಟ್ಟು ಹೊರಡುವವರು ಯಾರಾದರೂ ಬರ್ತೀನಿ ಅಂತಾರೆ. ಬರುವ ಮನಸ್ಸಿಲ್ಲದವರೂ ಬರ್ತೀನಿ ಅಂತಾರೆ, ಹೋಗ್ತೀನಿ ಅನ್ನುವುದು ಸಾಯಲು ಹೊರಟವರ ಮಾತು ಎಂದು ಹಿರಿಯರು ಬೈಯುತ್ತಾರೆ. ಆಕೆ ಗಂಡನ ಮುಖ ನೋಡಿ "ಹೋಗ್ತೀನಿ" ಅಂದರು. ಅಂದು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಕರಡಿ ಸಾರ್ ಆ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಓದಿಕೊಂಡರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. "ಸರಿ" ಅಂದರು.

ಅವರಿಗೆ ಹೆಂಡತಿ ಬೇಕಿತ್ತು, ಇದರಲ್ಲಿ ಯಾರೂ ಅನುಮಾನ ಪಡಬೇಡಿ. ಆದರೆ ಹೋಗಿ ಕರೆದುಕೊಂಡು ಬನ್ನಿ ಎಂದರೆ ಒಂದೇ ಉತ್ತರ, "ಹೋಗ್ತೀನಿ ಅಂತ ಹೇಳಿ ಹೋಗಿದಾಳೆ. ಬರ್ತೀನಿ ಅಂದಿದ್ರೆ ಕೇಳೋ ಹಕ್ಕು ನನಗಿರ್ತಿತ್ತು." ಸಂಜೆ ಗೋಡೆಯಾಚೆ ಓದು ಮಾತ್ರ ನಿಲ್ಲಲಿಲ್ಲ. ಅವರೇ ಹೆಂಡತಿಯ ಹಾಗೆ ದನಿ ಸಣ್ಣ ಮಾಡಿ ಒಂದು ಸಾಲು ಓದುತ್ತಿದ್ದರು, ಆಮೇಲೆ ತಮ್ಮ ದನಿಯಲ್ಲಿ "ಹೂಂ, ಮುಂದೆ" ಅನ್ನುತ್ತಿದ್ದರು. ಅದನ್ನು ಕೇಳುತ್ತ ನನಗೆ ನಿದ್ದೆ ಬರುತ್ತಿರಲಿಲ್ಲ.

ಇಂಥವರು ಲೋಕವನ್ನು ಸರಿಮಾಡಲು ಹೊರಟದ್ದು ಒಂದು ನಲ್ಲಿಯಿಂದ.

ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದರು. ಅವರ ಅಡುಗೆಮನೆಯ ನಲ್ಲಿಯನ್ನು ಪ್ಲಂಬರ್ ಬಿಚ್ಚಿ ನೆಲದ ಮೇಲೆ ಹರವಿ, "ಒಂದು ವಾಷರ್ ತಗೊಂಡು ಬರ್ತೀನಿ" ಎಂದು ಹೋದವನು ಆ ವಾರವೆಲ್ಲ ಪತ್ತೆಯಿಲ್ಲ. ಅಜ್ಜಿ ಕೆಳಗಿನಿಂದ ನೀರು ಹೊತ್ತರು. ಒಂದು ಬೆಳಿಗ್ಗೆ ಕರಡಿ ಸಾರ್ ಬೀದಿಯ ಕಟಿಂಗ್ ಶಾಪಿನಲ್ಲಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಒಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಕನ್ನಡಿಯಲ್ಲಿ ಬೀದಿ ಕಾಣುತ್ತಿತ್ತು. ಬೀದಿಯಲ್ಲಿ ಪ್ಲಂಬರ್ ಕಂಡ.

ಅವರು ಕುರ್ಚಿಯಿಂದ ಹಾರಿದರು. ಕಟಿಂಗ್ ಶಾಪಿನವನು ಕತ್ತಿ ಹಿಡಿದು ಹಿಂದೆ ಓಡಿದ, ತನ್ನ ಬಟ್ಟೆಗಾಗಿ. ಪ್ಲಂಬರಿಗೆ ಕಂಡದ್ದು, ಬೆನ್ನ ಹಿಂದೆ ಬಿಳಿ ಬಟ್ಟೆ ಪಟಪಟ ಹಾರಿಸಿಕೊಂಡು, ಅರ್ಧ ಮುಖ ಬೆಳ್ಳಗೆ ಮಾಡಿಕೊಂಡು ಬರುತ್ತಿರುವ ಒಂದು ಆಕೃತಿ, ಅದರ ಹಿಂದೆ ಕತ್ತಿ. ಅವನು ಓಡುವ ಮೊದಲೇ ಕರಡಿ ಸಾರ್ ತೋಳು ಹಿಡಿದರು.

"ಬಿಡಿ ಸಾರ್, ಮಧ್ಯಾಹ್ನ ಬರ್ತೀನಿ" ಅಂದ.

"ಬರ್ತೀನಿ ಅಂದಿದ್ದಕ್ಕೇ ಹಿಡಿದಿರೋದು. ನಡಿ."

ಅಜ್ಜಿಯ ನಲ್ಲಿಯಲ್ಲಿ ಆವತ್ತು ನೀರು ಬಂತು. ಪ್ಲಂಬರನನ್ನು ಹಿಡಿದು ತಂದ ಮನುಷ್ಯ ಎಂದಮೇಲೆ ಸಾಮಾನ್ಯನೇ? ಇಡೀ ಕಟ್ಟಡ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟಿತು. ಕಟಿಂಗ್ ಶಾಪಿನವನು "ಬಟ್ಟೆ ಇಟ್ಕೊಳ್ಳಿ ಸಾರ್, ನಮ್ಮ ಅಂಗಡಿಗೂ ಹೆಸರು" ಎಂದು ಧಾರಾಳತನ ತೋರಿದ. ಬಿಳಿ ಬಟ್ಟೆಯೂ ಹಳೆಯ ಹೆಸರೂ ಸೇರಿ ಸಂಜೆಯ ಹೊತ್ತಿಗೆ ಅವರು ಬಿಳೀ ಕರಡಿ ಆಗಿದ್ದರು. ಅವರು ಈ ಸಲ ತಿದ್ದಲಿಲ್ಲ. ಬಹಳ ದಿನಗಳ ಮೇಲೆ ಯಾರೋ ಅವರ ಬಾಗಿಲು ತಟ್ಟಿ ಮಾತಾಡಿಸಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಅವರ ಫೋಟೋಗೆ ನಾವೇ ಚೌಕಟ್ಟು ಹಾಕಿಸುತ್ತಿದ್ದೆವು. ಆದರೆ ಸಿದ್ಧಾಂತಕ್ಕೆ ಪ್ಲಂಬರ್ ಬೇರೆ, ನೆಂಟ ಬೇರೆ ಎಂಬ ಭೇದವಿಲ್ಲ.

ಕೆಳಮನೆಯ ಟೈಲರನ ಭಾವಮೈದ ಬಂದು ಠಿಕಾಣಿ ಹೂಡಿದ್ದ. ಟೈಲರನ ಹಾಸಿಗೆ ಅವನದು, ಟೈಲರನ ಪೇಪರ್ ಅವನದು, ಟೈಲರ್ ಹೊಲಿಗೆ ಮಿಷನ್ನಿನ ಕೆಳಗೆ ಕಾಲು ಮಡಿಸಿ ಮಲಗುತ್ತಿದ್ದ. ಕೊನೆಗೂ ಒಂದು ದಿನ ಭಾವಮೈದ ಹೊರಟ. ಟೈಲರ್ ಗೇಟಿನವರೆಗೆ ಬಂದು, ಮುಖದ ಆನಂದ ತೋರಗೊಡದೆ, "ಇನ್ನೂ ಇರಬಹುದಿತ್ತಪ್ಪ" ಅಂದ. "ಇರಲಿ ಭಾವ, ಮತ್ತೆ ಬರ್ತೀನಿ" ಎಂದು ಅವನು ಹೋದ. ಮೇಲಿನ ಮೆಟ್ಟಿಲಲ್ಲಿ ಆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದ ಬಿಳೀ ಕರಡಿ ಇದನ್ನು ಕೇಳಿಸಿಕೊಂಡರು.

ಟೈಲರ್ ತನ್ನ ಹಾಸಿಗೆಯ ಮೇಲೆ ಕೈಕಾಲು ಚಾಚಿ ಇನ್ನೂ ಕಣ್ಣು ಮುಚ್ಚಿರಲಿಲ್ಲ. ಬಾಗಿಲಲ್ಲಿ ಭಾವಮೈದ. ಅವನ ತೋಳು ಹಿಡಿದು ಬಿಳೀ ಕರಡಿ.

"ಬಸ್ ಸ್ಟ್ಯಾಂಡಲ್ಲಿ ಸಿಕ್ಕ. ಟಿಕೆಟ್ ಬೇರೆ ತಗೊಂಡಿದ್ದ. ಮತ್ತೆ ಬರ್ತೀನಿ ಅಂತ ನಿಮಗೆ ಮಾತು ಕೊಟ್ಟು ಊರಿಗೆ ಹೊರಟಿದಾನೆ ನೋಡಿ."

ಟೈಲರ್ ಎದ್ದು ಕೂತ. "ಸಾರ್, ಅವನು ಹಾಗಂದಿದ್ದು..."

"ನೀವು ಕೂಡ ಇನ್ನೂ ಇರಬಹುದಿತ್ತು ಅಂದ್ರಿ. ಎರಡೂ ಕೂಡಿಬಂತು."

ಭಾವಮೈದ ಅಷ್ಟರಲ್ಲಿ ಪೇಪರ್ ಬಿಡಿಸಿಕೊಂಡಿದ್ದ. "ಸಾಹೇಬ್ರು ಇಷ್ಟು ಬಲವಂತ ಮಾಡ್ತಿರುವಾಗ ಇಲ್ಲ ಅನ್ನೋದು ಹೇಗೆ ಭಾವ" ಅಂದ. ಟೈಲರ್ ಆ ದಿನದಿಂದ ಕರಡಿ ಸಾರ್ ಅಳತೆ ಕೊಡಲು ಹೋದರೆ ಬೇಕಂತಲೇ ತೋಳು ಗಿಡ್ಡ ಮಾಡಿ ಹೊಲಿಯುತ್ತಿದ್ದಾನೆ.

ಸುದ್ದಿ ಹಬ್ಬಿತು. ನಮ್ಮ ಕಟ್ಟಡಕ್ಕೆ ಬಂದವರು ಹೊರಡುವಾಗ ಮೆಟ್ಟಿಲ ಕಡೆ ಒಂದು ಸಲ ಇಣುಕಿ, ಹೊರಡುವ ಮಾತು ನುಂಗಿಕೊಂಡು ನಿಲ್ಲತೊಡಗಿದರು. ಕೆಳಗೆ ಕಾಲು ಮುರಿದುಕೊಂಡು ಮಲಗಿದ್ದ ಬ್ಯಾಂಕಿನವರನ್ನು ನೋಡಲು ಅವರ ಸಹೋದ್ಯೋಗಿ ಬಂದಿದ್ದರು. ಹೊರಡುವ ಹೊತ್ತಿಗೆ ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಕಂಡಿತು. ಬರ್ತೀನಿ ಎಂದು ಅರ್ಧ ಬಾಯಿ ತೆರೆದವರು, ಗಾಬರಿಯಲ್ಲಿ ರೋಗಿಯ ಕೈ ಹಿಡಿದು, "ಹೋಗ್ತೀನಿ ಸಾರ್, ಖಂಡಿತ ಹೋಗ್ತೀನಿ, ಇನ್ನು ಬರೋದಿಲ್ಲ" ಅಂದುಬಿಟ್ಟರು. ಬ್ಯಾಂಕಿನವರ ಹೆಂಡತಿ ಗೊಳೋ ಎಂದು ಅತ್ತರು. ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ, ಇವರಿಗೆ ಗೊತ್ತಾಗಿಬಿಟ್ಟಿದೆ ಎಂದು ಅವರ ಲೆಕ್ಕ. ಮುರಿದ ಕಾಲಿನ ಬ್ಯಾಂಕಿನವರಿಗೆ ಆ ಸಂಜೆ ಎದೆನೋವೂ ಶುರುವಾಯಿತು.

ಇದಾದಮೇಲೆ ಜನ ಬರುವುದನ್ನೇ ಬಿಟ್ಟರು. ಬಂದರಲ್ಲವೇ ಹೊರಡುವ ಪ್ರಶ್ನೆ. ಕರೆಗಂಟೆಗಳು ಸದ್ದಿಲ್ಲದೆ ಕೂತವು. ಭಾನುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ನೆಂಟರ ಚಪ್ಪಲಿಗಳು ಕಾಲಿಗೆ ತೊಡರುವ ಕಟ್ಟಡ ನಮ್ಮದು, ಈಗ ನೊಣ ಹಾರಿದರೆ ಕೇಳುತ್ತಿತ್ತು. ನನ್ನ ಮನೆಗೆ ಬರುತ್ತಿದ್ದವರೇ ಕಡಿಮೆ, ಆ ಒಬ್ಬಿಬ್ಬರೂ ಬರಲಿಲ್ಲ. ನನಗೆ ನಿಜವಾಗಿ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಕರಡಿ ಸಾರ್ ಮಾತ್ರ ಈ ನಿಶ್ಶಬ್ದ ಕೇಳಿ, "ನೋಡಿ, ಸುಳ್ಳು ನಿಂತುಹೋಯ್ತು" ಅಂದರು. ಹಾಗೆ ಹೇಳುವಾಗ ಅವರ ಮುಖದಲ್ಲೂ ಗೆಲುವಿರಲಿಲ್ಲ.

ಮೇಲಿನ ಅಜ್ಜಿಯೇ ಕೊನೆಗೆ ಕೋಲೂರಿಕೊಂಡು ಇಳಿದು ಬಂದರು.

"ನಲ್ಲಿ ಸರಿಮಾಡಿಸಿಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರಲಿ. ಆದ್ರೆ ನನ್ನ ತಮ್ಮನ ಮಗ ಬರೋದು ಬಿಟ್ಟ ಕಣಪ್ಪ. ಫೋನಲ್ಲೇ ಮಾತಾಡಿಸ್ತಾನೆ. ಅಲ್ಲಿ ಯಾರೋ ಹಿಡ್ಕೋತಾರಂತೆ ಅತ್ತೆ, ಅಂತಾನೆ."

"ಅವನು ಪ್ರತಿ ಸಲ ಬರ್ತೀನಿ ಅಂದು ತಿಂಗಳುಗಟ್ಟಲೆ ಬರ್ತಿರಲಿಲ್ಲ ಅಜ್ಜಿ. ನೀವೇ ಹೇಳಿದ್ರಿ."

"ಬರ್ತಿರಲಿಲ್ಲ. ಆದ್ರೆ ಅಂತಿದ್ನಲ್ಲ. ಅವನು ಹಾಗಂದು ಹೋದ್ರೆ ಮುಂದಿನ ಸಲದವರೆಗೆ ನನಗೆ ಒಂದು ಕೆಲಸ ಇರ್ತಿತ್ತು, ಕಾಯೋ ಕೆಲಸ. ಈಗ ಏನು ಮಾಡ್ಲಿ ಹೇಳು ಇಡೀ ದಿನ?"

ಅಜ್ಜಿ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಕರಡಿ ಸಾರ್ ಒಳಗೆ ಹೋಗಿ ಬಿಳಿ ಬಟ್ಟೆ ಕಟ್ಟಿಕೊಂಡು ಬಂದರು. "ಅವನು ಬರ್ತೀನಿ ಅಂತ ಹೇಳಿರೋದು ಬಾಕಿ ಇದೆ. ಕರ್ಕೊಂಡು ಬರೋಣ ನಡೀರಿ" ಎಂದು ನನ್ನನ್ನೂ ಎಬ್ಬಿಸಿದರು. ಜೊತೆಗೆ ಯಾಕೆ ಹೋದೆ ಎಂದು ಆಮೇಲೆ ಪೊಲೀಸರೂ ಕೇಳಿದರು. ಮನೆಯಲ್ಲಿ ಕೂತು ಮಾಡುವುದೇನಿತ್ತು ಎಂದೆ.

ಅಜ್ಜಿಯ ತಮ್ಮನ ಮಗ ನೀರಿನ ಆಫೀಸಿನಲ್ಲಿ ಸಾಹೇಬ. ನಾವು ಹೋದಾಗ ಅವನ ಕೋಣೆಯ ಹೊರಗಿನ ಬೆಂಚುಗಳ ಮೇಲೆ ಖಾಲಿ ಕೊಡ ಹಿಡಿದ ಜನ ತುಂಬಿದ್ದರು. ಅವರ ಬೀದಿಗೆ ನೀರು ಬರುತ್ತೆ, ಬರುತ್ತೆ ಎಂದು ಸಾಹೇಬ ಬೇಸಗೆಯೆಲ್ಲ ಹೇಳಿದ್ದನಂತೆ. ಬಿಳೀ ಕರಡಿ ಬಾಗಿಲು ತಳ್ಳಿ ನೇರ ಮೇಜಿನ ಮುಂದೆ ನಿಂತರು.

"ಬರ್ತೀನಿ ಅಂದಿದ್ರಿ. ಬರ್ತೀನಿ ಅಂದಮೇಲೆ ಬರಬೇಕು."

ಸಾಹೇಬ ಕುರ್ಚಿ ಹಿಂದಕ್ಕೆ ಸರಿಸಿದ. "ಯಾರು ನೀವು? ಎಲ್ಲಿಗೆ?"

"ಕಾಯ್ತಿದಾರೆ ಅಲ್ಲಿ. ನಿಮಗೆ ನಾಚಿಕೆ ಆಗಲ್ವೇ?"

ಬೆಂಚಿನ ಜನಕ್ಕೆ ಕೇಳಿಸಿದ್ದು ಇಷ್ಟೇ. ಇಷ್ಟು ದಿನ ತಮ್ಮ ಪರವಾಗಿ ಒಂದು ಮಾತಾಡಿದವರಿರಲಿಲ್ಲ, ಇವತ್ತು ಬಿಳಿ ಬಟ್ಟೆ ತೊಟ್ಟ ಪುಣ್ಯಾತ್ಮ ಯಾರೋ ಬಂದಿದ್ದಾರೆ. ಒಬ್ಬ ಹೆಂಗಸು ಕೊಡ ಬಡಿದಳು. "ಬರುತ್ತೆ ಅಂದಮೇಲೆ ಬರಬೇಕು" ಅಂದಳು. ಆಮೇಲೆ ಎಲ್ಲ ಕೊಡಗಳೂ ಬಡಿದುಕೊಂಡವು. ಕೂಗು ಮಹಡಿಯಿಂದ ಮಹಡಿಗೆ ಹತ್ತಿತು. ಕರಡಿ ಸಾರ್ ತಿರುಗಿ, "ಬರುತ್ತೆ ಅಲ್ಲಮ್ಮ, ಬರ್ತೀನಿ. ನಾನು ಹೇಳ್ತಿರೋದು ಉತ್ತಮ ಪುರುಷ" ಎಂದು ತಿದ್ದಿದರು. "ಹೌದೌದು, ಉತ್ತಮ ಪುರುಷರು ನೀವು" ಎಂದು ಜನ ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಸಾಹೇಬ ಮೇಜಿನ ಕೆಳಗಿನಿಂದ ಪೊಲೀಸರಿಗೆ ಫೋನ್ ಮಾಡಿದ.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಏನ್ರೀ ನಿಮ್ಮನ್ನ ಕರೆಯೋದು?"

"ಕರಡು."

"ಕರಡಿ?"

"ಅಲ್ಲ ಸಾರ್. ಕೊಂಬು."

"ಕರಡಿಗೆ ಎಲ್ಲಿಯ ಕೊಂಬು ರೀ?" ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. "ಮನೆಯವರು ಯಾರಿದಾರೆ? ಅವರನ್ನ ಕರೆಸಿ. ಯಾರಾದ್ರೂ ಬಂದು ಜವಾಬ್ದಾರಿ ತಗೊಂಡ್ರೆ ಬಿಡ್ತೀನಿ, ಇಲ್ಲದಿದ್ರೆ ಇಲ್ಲೇ ಇರಿ."

"ಯಾರೂ ಇಲ್ಲ ಸಾರ್" ಅಂದರು ಕರಡಿ ಸಾರ್. ಅಲ್ಲಿಯವರೆಗೆ ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ಹೆಂಡತಿಯ ದನಿ ಅನುಕರಿಸುವಾಗಲೂ ಇಷ್ಟು ಸಣ್ಣದಿರಲಿಲ್ಲ. ನಾನೇ ಆಚೆ ಹೋಗಿ ಆಕೆಯ ಅಣ್ಣನ ಮನೆಗೆ ಫೋನ್ ಮಾಡಿದೆ.

ಆಕೆ ಬಂದರು. ಗಂಡನ ಮುಂದೆ ನಿಂತು ಮೊದಲು ಕೊರಳಿನ ಬಟ್ಟೆ ನೋಡಿದರು. "ಇದೇನಿದು ಅವತಾರ" ಎಂದು ಬೆನ್ನ ಹಿಂದೆ ಹೋಗಿ ಗಂಟು ಬಿಚ್ಚಲು ನೋಡಿದರು. ಅವರು ಕನ್ನಡಿಯಿಲ್ಲದೆ ಕಟ್ಟಿಕೊಂಡ ಗಂಟು, ಬಿಗಿದುಹೋಗಿತ್ತು. ಆಕೆ ಉಗುರಿನಿಂದ ಬಿಡಿಸುವವರೆಗೂ ಕರಡಿ ಸಾರ್ ತಲೆ ತಗ್ಗಿಸಿಕೊಂಡು ಅಲ್ಲಾಡದೆ ನಿಂತಿದ್ದರು. ಗಂಟು ಇನ್ನೂ ಸ್ವಲ್ಪ ಗಟ್ಟಿಯಾಗಿದ್ದರೂ ಅವರ ಅಭ್ಯಂತರವಿರಲಿಲ್ಲ ಅನ್ನಿಸಿತು ನನಗೆ.

ಆಕೆ ರುಜು ಹಾಕಿ, ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟರು.

"ನಾನು ಹೋಗ್ತೀನಿ ಅಂತ ಹೇಳಿ ಹೋದವಳು. ಈಗ ಬಂದು ನಿಂತಿದೀನಿ. ನಿಮ್ಮ ಪ್ರಕಾರ ಇದು ಸುಳ್ಳಾಯ್ತು. ಏನು ಮಾಡ್ತೀರಿ, ತೋಳು ಹಿಡಿದು ನಮ್ಮಣ್ಣನ ಮನೆಗೆ ವಾಪಸ್ ಬಿಟ್ಟು ಬರ್ತೀರಾ?"

ಕರಡಿ ಸಾರ್ ಮೇಜಿನ ಮೇಲಿನ ಬಟ್ಟೆಯ ಮಡಿಕೆ ಸರಿಮಾಡಿದರು.

"ಇಷ್ಟು ದಿನದಲ್ಲಿ ಒಂದು ಸಲ ಬಂದ್ರಾ ನೀವು?"

"ನೀನು ಹೋಗ್ತೀನಿ ಅಂದೆ."

"ಅಂದೆ. ಅಂದಮೇಲೆ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ, ಅದು ಕಾಣಿಸಲಿಲ್ಲ ನಿಮಗೆ. ಅಕ್ಷರ ಇದ್ದರೆ ತಾನೇ ಕಾಣೋದು."

ಇನ್‌ಸ್ಪೆಕ್ಟರು ಯಾವುದೋ ಕಾಗದ ಹುಡುಕುವ ಹಾಗೆ ತಲೆ ತಗ್ಗಿಸಿದರು. ಆಕೆ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿ ತಿರುಗಿದರು.

"ಈಗ ಏನಂತ ಹೇಳಿ ಹೊರಡಲಿ? ನೀವೇ ಹೇಳಿ. ತಪ್ಪಾಗಬಾರದಲ್ಲ."

ಕರಡಿ ಸಾರ್ ಆಕೆಯ ಹೆಗಲ ಚೀಲ ನೋಡಿದರು. ಲೋಕದಲ್ಲಿ ಅವರಿಗಿದ್ದದ್ದು ಆ ಸಿದ್ಧಾಂತ ಒಂದೇ. ಅದೂ ಹೋದರೆ ಅವರ ಮನೆಯಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಬರ್ತೀನಿ ಅನ್ನು" ಅಂದರು.

"ಬರೋದು ನನಗಿನ್ನೂ ಖಾತ್ರಿ ಇಲ್ಲ."

"ಗೊತ್ತು."

"ಮತ್ತೆ?"

"ಸುಮ್ನೆ ಅನ್ನು."

ಆಕೆ ಅವರನ್ನೇ ನೋಡಿದರು. ಹೊಸ ಮನುಷ್ಯನನ್ನು ನೋಡುವ ಹಾಗಲ್ಲ, ಅದೇ ಮನುಷ್ಯನಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ. ಆಮೇಲೆ "ಬರ್ತೀನಿ" ಅಂದರು.

"ಹೂಂ. ಬಾ."

ಆಕೆ ಮೆಟ್ಟಿಲಿಳಿದು ಹೋದರು. ಕರಡಿ ಸಾರ್ ಕೂಡ, ಜನ್ಮದಲ್ಲಿ ಮೊದಲ ಸಲ, ಬಾಗಿಲ ಹತ್ತಿರ ಕೈಮುಗಿದು "ಬರ್ತೀನಿ ಸಾರ್" ಅಂದರು. ಇನ್‌ಸ್ಪೆಕ್ಟರು ಗಾಬರಿಯಿಂದ ಎದ್ದು ನಿಂತರು. "ನೀವು ಮಾತ್ರ ದಯವಿಟ್ಟು ಹೋಗ್ತೀನಿ ಅಂತ ಹೇಳಿ ಹೋಗ್ರಿ" ಅಂದರು.

ನಾವು ನಡೆದೇ ಹೊರಟೆವು. ಬಿಸಿಲಿತ್ತು. ಅರ್ಧ ದಾರಿಯಲ್ಲಿ ಅವರು ನಿಂತು ನನ್ನನ್ನು ಕೇಳಿದರು.

"ನೀವೂ ಅಲ್ಲೇ ಇದ್ರಲ್ಲ. ಅವಳು ಹೊರಡುವಾಗ ಏನಂದ್ಳು?"

"ಬರ್ತೀನಿ ಅಂದ್ರು ಸಾರ್."

ಅವರು ತಲೆಯಾಡಿಸಿ ನಾಲ್ಕು ಹೆಜ್ಜೆ ನಡೆದರು. ಮತ್ತೆ ನಿಂತರು.

"ಇನ್ನೊಂದು ಸಲ ಓದಿ."

"ಬರ್ತೀನಿ ಅಂದ್ರು" ಎಂದು ನಾನು ನಿಧಾನವಾಗಿ ಹೇಳಿದೆ. ಅವರು ತಿದ್ದಲಿಲ್ಲ.